ಹತ್ತು ರೂಪಾಯಿಯ ವಿದೇಶ ಪ್ರವಾಸ

ಯುರೋಪ್ ಟೂರು ಮುಗಿಸಿ ಬಂದವರನ್ನು ಗುರುತಿಸಲು ಮೂರು ಲಕ್ಷಣಗಳಿವೆ. ಒಂದು, ಬಂದ ಹೊಸದರಲ್ಲಿ ಅವರ ಕತ್ತು ತುಸು ಹಿಂದಕ್ಕೆ ವಾಲಿರುತ್ತದೆ. ಗೋಪುರ, ಗುಮ್ಮಟ, ಗಡಿಯಾರದ ಕಂಬ, ಚರ್ಚಿನ ಚಾವಣಿ ಎಂದು ದಿನವೆಲ್ಲ ಮೇಲೆ ನೋಡಿ ನೋಡಿ ಕತ್ತಿಗೆ ಅದೇ ರೂಢಿಯಾಗಿರುತ್ತದೆ. ಎರಡು, ಯಾವ ಅರಮನೆಯ ವರ್ಣನೆಗೆ ಹೊರಟರೂ ಮಾತು ಶೌಚಾಲಯಕ್ಕೆ ತೆತ್ತ ಒಂದು ಯೂರೋದ ಬಳಿ ಬಂದು ನಿಂತುಬಿಡುತ್ತದೆ. ಮೂರು, ಫೋಟೋದಲ್ಲಿರುವ ಕಟ್ಟಡ ಯಾವ ಊರಿನದು ಎಂದು ಕೇಳಿದರೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ನಮ್ಮ ಬಂಗಾರಪೇಟೆಯಲ್ಲಿ ಈಚೆಗೆ ಇಂಥವರ ಸಂಖ್ಯೆ ಹೆಚ್ಚಾಗಿದೆ. ಬೆಮೆಲ್‌ನಿಂದಲೋ ಬ್ಯಾಂಕಿನಿಂದಲೋ ನಿವೃತ್ತರಾಗಿ, ಮಕ್ಕಳ ಮದುವೆ ಮುಗಿಸಿ, ಮಂಡಿ ಪೂರ್ತಿ ಕೈಕೊಡುವ ಮುಂಚೆ ಲೋಕ ನೋಡಿಬಿಡೋಣ ಎಂದು ಹೊರಡುವವರು. ನಮ್ಮ ಭಾವನವರೂ ಆ ಪೈಕಿ. ಅವರೂ ಅಕ್ಕನೂ ಎಂಟು ದೇಶ ಮುಗಿಸಿಕೊಂಡು ಬಂದರು. ‘ನೋಡಿಕೊಂಡು’ ಎನ್ನಲಿಲ್ಲ, ‘ಮುಗಿಸಿಕೊಂಡು’ ಎಂದೇ ಭಾವ ಹೇಳಿದ್ದು. ಬೆಳಗಿನ ತಿಂಡಿ ಒಂದು ದೇಶದಲ್ಲಿ, ರಾತ್ರಿಯ ಅನ್ನ ಸಾರು ಇನ್ನೊಂದರಲ್ಲಿ. ನಡುವೆ ಬಸ್ಸಿನಲ್ಲಿ ನಿದ್ದೆ. ನಿದ್ದೆಯ ನಡುವೆ ಗೈಡ್ ಎಬ್ಬಿಸಿ, ಎಡಗಡೆ ನೋಡಿ ಎಂದಾಗ ಬಲಗಡೆ ಕೂತವರೆಲ್ಲ ಎದ್ದು ನಿಂತು ತೆಗೆದ ಫೋಟೋಗಳು. ಪೀಸಾದ ವಾಲು ಗೋಪುರವನ್ನು ಭಾವ ಅಂಗೈಯಿಂದ ತಡೆದು ನಿಲ್ಲಿಸುತ್ತಿರುವ ಚಿತ್ರವೂ ಇದೆ. ಅಕ್ಕ ಹಿಡಿದ ಕೋನ ಸ್ವಲ್ಪ ಆಚೀಚೆಯಾಗಿ, ಗೋಪುರ ತನ್ನ ಪಾಡಿಗೆ ವಾಲಿದೆ, ಭಾವ ಯಾರೋ ಕೊರಿಯಾದ ಹುಡುಗನ ಬೆನ್ನು ನೂಕುತ್ತಿದ್ದಾರೆ.

“ಏನು ಕಟ್ಟಡಗಳೋ ಮಾರಾಯ, ಮನುಷ್ಯರು ಕಟ್ಟಿದ್ದು ಅಂತ ನಂಬೋಕಾಗಲ್ಲ. ನಮ್ಮ ಕಡೆ ಏನಿದೆ ಹೇಳು?” ಎಂದರು ಭಾವ.

ಹೀಗೆ ಕೇಳಿದರೆ ನಾವು ಕೋಲಾರ ಜಿಲ್ಲೆಯವರು ಸಾಮಾನ್ಯವಾಗಿ ಕೋಲಾರಮ್ಮನ ಗುಡಿ, ಆವನಿಯ ರಾಮಲಿಂಗೇಶ್ವರ, ಕುರುಡುಮಲೆಯ ಗಣಪತಿ ಎಂದು ಪಟ್ಟಿ ಒಪ್ಪಿಸುತ್ತೇವೆ. ನಾನು ಒಪ್ಪಿಸಲಿಲ್ಲ. ಎಂಟು ದೇಶದ ಲೆಕ್ಕಕ್ಕೆ ದೇಶಗಳನ್ನೇ ಕೊಡಬೇಕು ಅನ್ನಿಸಿತು. ಅದಕ್ಕೆ ಪಾಸ್‌ಪೋರ್ಟ್ ಬೇಡ, ವೀಸಾಕ್ಕೆ ಕಿವಿ ಕಾಣುವ ಹಾಗೆ ಫೋಟೋ ತೆಗೆಸಬೇಕಿಲ್ಲ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಹತ್ತು ರೂಪಾಯಿ ಕೊಟ್ಟು ಮಾರಿಕುಪ್ಪಂಗೆ ಒಂದು ಪ್ಯಾಸೆಂಜರ್ ಟಿಕೆಟ್ ತೆಗೆದುಕೊಂಡರೆ ಸಾಕು.

ಮೊದಲ ದೇಶ ಪ್ಲಾಟ್‌ಫಾರಂನಲ್ಲೇ ಸಿಗುತ್ತದೆ. ಈ ಊರು ಬಹಳ ಕಾಲ ಬೌರಿಂಗ್‌ಪೇಟೆಯಾಗಿತ್ತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಸಾಹೇಬರ ಹೆಸರು ಅದು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಅವರದೇ. ಇವರ ತಂದೆ ಸರ್ ಜಾನ್ ಬೌರಿಂಗ್ ಹಾಂಗ್‌ಕಾಂಗ್‌ನ ಗವರ್ನರ್. ಅಲ್ಲಿ ಬೌರಿಂಗ್‌ಟನ್ ಎಂಬ ಬಡಾವಣೆಯಿದೆ, ಮೀನು ಮಾಂಸದ ದೊಡ್ಡ ಮಾರುಕಟ್ಟೆಯಿದೆ. ಅಂದರೆ ಅಪ್ಪನ ಪೇಟೆ ಹಾಂಗ್‌ಕಾಂಗ್‌ನಲ್ಲಿ, ಮಗನ ಪೇಟೆ ಕೋಲಾರ ಜಿಲ್ಲೆಯಲ್ಲಿ. ಅಲ್ಲಿ ಹೆಸರು ಉಳಿದಿದೆ, ಇಲ್ಲಿ ಚಿನ್ನದ ಗಣಿಗೆ ಹೋಗುವ ಜಂಕ್ಷನ್ ಎಂಬ ಗೌರವಕ್ಕೆ ಬಂಗಾರ ಬಂದು ಸಾಹೇಬರನ್ನು ಪಕ್ಕಕ್ಕೆ ಸರಿಸಿದೆ. ಬಂಗಾರ ಬಂದದ್ದು ಹೆಸರಿಗೆ ಮಾತ್ರ ಎಂಬುದು ಇಲ್ಲಿಯ ಚಿನ್ನದಂಗಡಿಗಳ ಮುಂದೆ ನಿಂತು ದರ ನೋಡಿದವರಿಗೆಲ್ಲ ಗೊತ್ತು.

ಸ್ವಿಟ್ಜರ್ಲೆಂಡಿನ ಪುಟ್ಟ ರೈಲನ್ನು ಭಾವ ಬಹಳ ಹೊಗಳಿದರು. ನಮ್ಮ ಪ್ಲಾಟ್‌ಫಾರಂನಿಂದಲೂ 1913ರಲ್ಲಿ ಕೋಲಾರಕ್ಕೆ ಒಂದು ಪುಟ್ಟ ರೈಲು ಹೊರಟಿತ್ತು. ಹಳಿ ಅಗಲವಾದ ಮೇಲೂ ಕೆಲವು ಕಾಲ ಅದರ ಮೇಲೆ ಬಸ್ಸೋ ರೈಲೋ ಎಂದು ತಿಳಿಯದ ಒಂಟಿ ಡಬ್ಬಿಯ ರೈಲ್‌ಬಸ್ ಓಡಿತು. ಆಲ್ಪ್ಸ್ ಒಂದು ಇರಲಿಲ್ಲ ಅಷ್ಟೇ.

ಮಾರಿಕುಪ್ಪಂ ಕಡೆಗೆ ಬೆಳಗಿನ ಹೊತ್ತು ಹೋಗುವುದರಲ್ಲಿ ಒಂದು ಸುಖವಿದೆ, ಸೀಟು ಸಿಗುತ್ತದೆ. ಆ ಹೊತ್ತಿಗೆ ಜನವೆಲ್ಲ ಎದುರು ದಿಕ್ಕಿನಲ್ಲಿರುತ್ತಾರೆ. ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನಿಂದ ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿ ಬರುವ ಸಾವಿರಾರು ಮಂದಿ ನಸುಕಿನಲ್ಲೇ ಹೊರಟು, ಬಾಗಿಲಲ್ಲಿ ಜೋತುಬಿದ್ದು, ಬ್ಯಾಗನ್ನು ತಲೆಯ ಮೇಲಿನ ಹಲಗೆಗೆ ಎಸೆದು, ಇಸ್ಪೀಟು ಕಲೆಸುತ್ತಿರುತ್ತಾರೆ. ನಮ್ಮ ಡಬ್ಬಿಯಲ್ಲಿ ನಾನು, ಹೂವಿನ ಬುಟ್ಟಿಯ ಒಬ್ಬ ಅಜ್ಜಿ, ಆ ಬುಟ್ಟಿಯ ಮೇಲೆ ಕಣ್ಣಿಟ್ಟ ಒಂದು ಮೇಕೆ. 1894ರಲ್ಲಿ ಈ ಕವಲು ಹಳಿ ಹಾಕಿದ್ದು ಗಣಿಗಾಗಿ. ಯಂತ್ರ, ಕಲ್ಲಿದ್ದಲು, ಜನ ಒಳಗೆ ಹೋಗಲು. ಚಿನ್ನ ಹೊರಗೆ ಬರಲು. ಈಗ ಹೊರಗೆ ಹೋಗುವುದು ಜನ ಮಾತ್ರ.

ಕೋರಮಂಡಲ್ ನಿಲ್ದಾಣ ದಾಟುತ್ತಿದ್ದಂತೆ ಐರ್ಲೆಂಡ್ ಶುರುವಾಗುತ್ತದೆ. ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ ಎಂಬ ಐರಿಶ್ ಸೈನಿಕ ನ್ಯೂಜಿಲೆಂಡಿನಲ್ಲಿ ಮಾವೊರಿಗಳ ಮೇಲೆ ಯುದ್ಧ ಮಾಡಿ, ಸಾಕಾಗಿ, ಬೆಂಗಳೂರು ದಂಡಿನಲ್ಲಿ ಬಂದು ಕೂತಿದ್ದ. ಕೂತವನಿಗೆ ಹೊತ್ತು ಹೋಗಲಿಲ್ಲ. ಹಳೆಯ ಕಾಗದಗಳನ್ನು ಓದುವಾಗ ಲೆಫ್ಟಿನೆಂಟ್ ವಾರನ್ ಎಂಬುವನ ವರದಿ ಸಿಕ್ಕಿತು. 1802ರಲ್ಲಿ ಸರ್ವೆಗೆಂದು ಬಂದಿದ್ದ ವಾರನ್, ಚಿನ್ನ ತೋರಿಸಿದವರಿಗೆ ಇನಾಮು ಎಂದು ಸಾರಿದಾಗ ಈ ಕಡೆಯ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತುಂಬಿ ತಂದರಂತೆ. ಹೆಂಗಸರು ಅದನ್ನು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರಂತೆ. ಎಪ್ಪತ್ತು ವರ್ಷದ ಮೇಲೆ ಲ್ಯಾವೆಲ್ ಇದನ್ನು ಓದಿ, ಎತ್ತಿನ ಗಾಡಿ ಕಟ್ಟಿಸಿಕೊಂಡು ಹೊರಟ. ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ ಅಗೆಯಲು ಪರವಾನಗಿ ಪಡೆದ. ಅಗೆಯುವಷ್ಟು ಬಂಡವಾಳ ಇರಲಿಲ್ಲ, ಹಕ್ಕನ್ನು ಬೇರೆಯವರಿಗೆ ದಾಟಿಸಿದ. ಅವನ ಪಾಲಿಗೆ ಕೊನೆಗೆ ಉಳಿದದ್ದು ಬೆಂಗಳೂರಿನ ಒಂದು ರಸ್ತೆಯ ಹೆಸರು. ಇವತ್ತು ಲ್ಯಾವೆಲ್ ರಸ್ತೆಯ ಒಂದು ಚದರಡಿಯ ಬೆಲೆ ಕೇಳಿದರೆ, ಚಿನ್ನ ಸಿಕ್ಕಿದ್ದು ಅಲ್ಲಿಯೇ ಎನ್ನಬೇಕಾಗುತ್ತದೆ.

ಊರಿಗಾಂನಲ್ಲಿ ಇಳಿದರೆ ಇಂಗ್ಲೆಂಡ್. ‘ಲಿಟ್ಲ್ ಇಂಗ್ಲೆಂಡ್’ ಎಂದು ಆಗಿನವರೇ ಕರೆದುಕೊಂಡಿದ್ದು. ಹವೆ ತಂಪು, ಸುತ್ತ ಮರ, ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚು, ಗೇಟಿನಿಂದ ಬಾಗಿಲಿಗೆ ನಡೆಯುವಷ್ಟರಲ್ಲಿ ಒಂದು ವೀಳ್ಯ ಜಗಿದು ಮುಗಿಸಬಹುದಾದ ಅಂಗಳದ ದೊರೆ ಬಂಗಲೆಗಳು. ಕೆಲವು ಪಾಳುಬಿದ್ದಿವೆ, ಕೆಲವುಗಳಲ್ಲಿ ಜನ ಇದ್ದಾರೆ. ನನಗೆ ಪರಿಚಯದ ನಿವೃತ್ತ ಮೇಷ್ಟರೊಬ್ಬರು ಅಂಥದ್ದರಲ್ಲಿ ವಾಸ. ಮುಂದೆ ಮರದ ಜಾಲರಿಯ ವರಾಂಡ, ಒಳಗೆ ಏಣಿ ಇಟ್ಟರೂ ಜೇಡರ ಬಲೆಗೆ ಪೊರಕೆ ಮುಟ್ಟದಷ್ಟು ಎತ್ತರದ ಸೂರು. ನಡುಮನೆಯ ಗೋಡೆಯಲ್ಲಿ ಬೆಂಕಿಗೂಡು. ದೊರೆ ಡಿಸೆಂಬರಿನಲ್ಲಿ ಅದರ ಮುಂದೆ ಕಾಲು ಚಾಚಿ ಊರು ನೆನೆಸಿಕೊಳ್ಳುತ್ತಿದ್ದಿರಬೇಕು. ಈಗ ಆ ಗೂಡಿನೊಳಗೆ ತಿರುಪತಿ ತಿಮ್ಮಪ್ಪ, ಪಕ್ಕದಲ್ಲಿ ಲಕ್ಷ್ಮಿ, ಕೆಳಗೆ ಹಿತ್ತಾಳೆಯ ದೀಪ.

“ಇದಕ್ಕಿಂತ ಒಳ್ಳೇ ದೇವರ ಮನೆ ಯಾರಿಗೂ ಇಲ್ಲ ನೋಡಿ. ಊದುಬತ್ತಿ ಹೊಗೆಯೆಲ್ಲ ಸೀದಾ ಮೇಲೆ ಹೋಗಿಬಿಡುತ್ತೆ. ಯಾರಿಗೂ ಕೆಮ್ಮಿಲ್ಲ” ಎಂದರು ಮೇಷ್ಟರ ಮನೆಯವರು.

ಲಂಡನ್ನಿನ ವಾಸ್ತುಶಿಲ್ಪ ಕೋಲಾರದ ಭಕ್ತಿಗೆ ಇಷ್ಟು ಸಲೀಸಾಗಿ ಒದಗಿಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗೆ ನೋಡಿದರೆ ಇಂಗ್ಲೆಂಡ್ ಎನ್ನುವುದೂ ಪೂರ್ತಿ ಸರಿಯಲ್ಲ. ಬಂದವರಲ್ಲಿ ಬಹಳ ಮಂದಿ ಕಾರ್ನ್‌ವಾಲ್‌ನವರು. ಇಂಗ್ಲೆಂಡಿನ ತುದಿಯಲ್ಲಿ ಸಮುದ್ರಕ್ಕೆ ಕಾಲು ಚಾಚಿಕೊಂಡಿರುವ ಆ ಸೀಮೆಯವರಿಗೆ ತವರ ತಾಮ್ರ ಅಗೆಯುವುದೇ ಕುಲಕಸುಬು. ಅಲ್ಲಿಯ ಗಣಿಗಳು ಸೊರಗಿದಾಗ ಅವರು ಗುದ್ದಲಿ ಹೆಗಲಿಗೇರಿಸಿ ಲೋಕವೆಲ್ಲ ಹರಡಿದರು. ಅವರು ಬಿಟ್ಟುಬಂದ ಊರಿನ ಪಾಳು ಯಂತ್ರಮನೆಗಳಿಗೆ, ಒಂಟಿ ಚಿಮಣಿಗಳಿಗೆ 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಕಟ್ಟಿದೆ. 1880ರಲ್ಲಿ ಕೋಲಾರದ ಗಣಿಗೆ ಕೈಹಾಕಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾರ್ನ್‌ವಾಲ್‌ನವರನ್ನು ಹೀಗೆ ಸಾಗಿಸುವುದರಲ್ಲಿ ಪಳಗಿದ್ದು. ಕಂಪನಿಯ ಮೂಲಪುರುಷ ಜಾನ್ ಟೇಲರ್ 1820ರ ದಶಕದಲ್ಲೇ ಮೆಕ್ಸಿಕೋದ ರಿಯಲ್ ದೆಲ್ ಮೊಂತೆ ಎಂಬ ಬೆಳ್ಳಿಯ ಊರಿಗೆ ಕಾರ್ನ್‌ವಾಲ್‌ನವರನ್ನು ಹಡಗಿನಲ್ಲಿ ಕಳಿಸಿದವ. ಆ ಊರಿನಲ್ಲಿ ಇವತ್ತಿಗೂ ಇಳಿಜಾರು ಕೆಂಪು ಮಾಡಿನ ಮನೆಗಳಿವೆ, ಗುಡ್ಡದ ಮೇಲೆ ಇಂಗ್ಲಿಷರ ಸ್ಮಶಾನವಿದೆ. ಬೀದಿಯಲ್ಲಿ ‘ಪಾಸ್ತೆ’ ಎಂಬ ತಿಂಡಿ ಮಾರುತ್ತಾರೆ, ಕಾರ್ನ್‌ವಾಲ್‌ನ ಪೇಸ್ಟಿಗೆ ಮೆಕ್ಸಿಕೋದ ಮೆಣಸಿನಕಾಯಿ ತುಂಬಿದ್ದು. ವರ್ಷಕ್ಕೊಮ್ಮೆ ಅದರದೇ ಜಾತ್ರೆ. ಅಂತೂ ಒಬ್ಬನೇ ಯಜಮಾನನ ಹಳೆಯ ಒಕ್ಕಲುಗಳು ಎಂಬ ಲೆಕ್ಕದಲ್ಲಿ ಊರಿಗಾಂಗೂ ಮೆಕ್ಸಿಕೋಕ್ಕೂ ದೂರದ ಬೀಗತನವಿದೆ. ಮೆಣಸಿನಕಾಯಿಯ ವಿಷಯದಲ್ಲಂತೂ ನಮ್ಮ ಕಡೆಯವರೂ ಹಿಂದೆ ಬಿದ್ದವರಲ್ಲ. ಬಂಗಾರಪೇಟೆಯ ಪಾನಿಪುರಿಯ ನೀರಿಗೆ ಬಣ್ಣವೇ ಇಲ್ಲ, ಬಾಟಲಿ ನೀರಿನ ಹಾಗೆ ತಿಳಿಯಾಗಿರುತ್ತದೆ. ಬಣ್ಣವಿಲ್ಲದ್ದಕ್ಕೆ ಖಾರವೂ ಇಲ್ಲವೆಂದು ನಂಬಿ ಗುಟುಕರಿಸಿದ ಪರಊರಿನವರು ಬಸ್ ಸ್ಟ್ಯಾಂಡಿನ ಬಳಿ ಬಾಯಿ ತೆರೆದುಕೊಂಡು ನಿಂತಿರುವುದನ್ನು ಸಂಜೆ ಹೊತ್ತು ಯಾವಾಗ ಬೇಕಾದರೂ ನೋಡಬಹುದು. ಇದೂ ಒಂದು ಪ್ರೇಕ್ಷಣೀಯ ಸ್ಥಳವೇ.

ಇಟಲಿಗೆ ಬರೋಣ. ಗಣಿಯಲ್ಲಿ ಇಟಲಿಯ ಕೆಲಸಗಾರರೂ ಇದ್ದರು. ಆದರೆ ನಾನು ಹೇಳಹೊರಟಿದ್ದು ಭಾವ ನೂಕಲು ಹೋದ ಪೀಸಾದ ಗೋಪುರದ ವಿಷಯ. ಅದರ ಎತ್ತರ ಐವತ್ತಾರು ಮೀಟರು, ವಾಲಿರುವುದು ನಾಲ್ಕು ಡಿಗ್ರಿಯಷ್ಟು. ಮೆತ್ತನೆಯ ಮಣ್ಣಿನ ಮೇಲೆ ಕಟ್ಟಿದ್ದೇ ಕಾರಣ. ಅದನ್ನು ನೋಡಲು ಜನ ಮುಗಿಬೀಳುತ್ತಾರೆ. ನಮ್ಮ ಚಾಂಪಿಯನ್ ರೀಫ್ಸ್ ಕಡೆಯ ಮನೆಗಳು ಗಟ್ಟಿ ಬಂಡೆಯ ಮೇಲೆ ಕೂತಿದ್ದರೂ ನಡುಗುತ್ತವೆ. ಕೆಳಗೆ ಸಾವಿರಾರು ಅಡಿ ಆಳದಲ್ಲಿ ಟೊಳ್ಳು ಮಾಡಿದ ಬಂಡೆ ಭಾರ ತಡೆಯಲಾರದೆ ಸಿಡಿಯುವುದಕ್ಕೆ ರಾಕ್‌ಬರ್ಸ್ಟ್ ಎನ್ನುತ್ತಾರೆ. ಅದು ಸಿಡಿದರೆ ಕೆಳಗಿದ್ದವರ ಪ್ರಾಣಕ್ಕೆ ಸಂಚಕಾರ, ಮೇಲಿದ್ದವರ ಪಾತ್ರೆಗೆ ಸದ್ದು. ಇದನ್ನು ಅಳೆಯಲೆಂದೇ ಕೆಜಿಎಫ್‌ನಲ್ಲಿ ಭೂಕಂಪ ಮಾಪಕಗಳ ಜಾಲ ಇಟ್ಟಿದ್ದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯೂ ಇಲ್ಲೇ ಹುಟ್ಟಿತು.

ಮೇಷ್ಟರ ಮನೆಯ ಗೋಡೆಗಳಲ್ಲಿ ಇದರ ದಾಖಲೆ ಇದೆ. ಅಡಿಗೆಮನೆಯ ಬಾಗಿಲ ಮೇಲಿಂದ ಓರೆಯಾಗಿ ಇಳಿದ ಒಂದು ಬಿರುಕಿಗೆ ಬಿಳಿ ಸಿಮೆಂಟು, ಅದನ್ನು ಅಡ್ಡ ಹಾಯ್ದ ಇನ್ನೊಂದಕ್ಕೆ ಬೂದು ಸಿಮೆಂಟು, ಮೂರನೆಯದರ ಮೇಲೆ ಕ್ಯಾಲೆಂಡರು. “ಇದು ದೊಡ್ಡ ಮಗಳು ಹುಟ್ಟಿದ ವರ್ಷದ್ದು, ಇದು ಅವಳ ಮದುವೆ ಮಾತುಕತೆಗೆ ಬಂದಾಗಿನದು” ಎಂದು ಮೇಷ್ಟರು ತೋರಿಸಿದರು. ಗಂಡಿನ ಕಡೆಯವರು ಬೆಂಗಳೂರಿನವರು. ಲೋಟ ಗಲಗಲ ಎಂದದ್ದೇ ಕಾಫಿ ಬಿಟ್ಟು ಎದ್ದು ಅಂಗಳಕ್ಕೆ ಓಡಿದರಂತೆ. ಹುಡುಗಿ ಮಾತ್ರ ಕೂತಲ್ಲೇ ಕೂತು ಟ್ರೇ ಹಿಡಿದುಕೊಂಡಿದ್ದಳಂತೆ. ಆ ಧೈರ್ಯಕ್ಕೇ ಸಂಬಂಧ ಕುದುರಿತು.

ಇಲ್ಲಿಯ ದೊರೆಗಳು ಕಟ್ಟಿಸಿದ್ದರಲ್ಲಿ ಭಾವ ಮೆಚ್ಚಬಹುದಾದ್ದು ಇನ್ನೂ ಇದೆ. ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ರಾಬರ್ಟ್‌ಸನ್‌ಪೇಟೆಯಲ್ಲಿ ನೇರ ಬೀದಿಗಳು, ಅಡ್ಡಕ್ಕೆ ಅಷ್ಟೇ ನೇರದ ಬೀದಿಗಳು. ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ನೀರು. ಇನ್ನು ವಿದ್ಯುತ್ತು 1902ರಲ್ಲೇ ಬಂತು. ಕಾವೇರಿ ಶಿವನಸಮುದ್ರದಲ್ಲಿ ಧುಮುಕಿದರೆ ನೂರೈವತ್ತು ಕಿಲೋಮೀಟರಿನಷ್ಟು ದೂರ ತಂತಿಯ ಮೇಲೆ ನಡೆದುಬಂದ ಕರೆಂಟು ಇಲ್ಲಿ ಗಣಿಯ ಯಂತ್ರ ತಿರುಗಿಸುತ್ತಿತ್ತು. ಲೋಕದಲ್ಲೇ ಅಷ್ಟು ಉದ್ದದ ತಂತಿಗಳು ಆಗ ಬೆರಳೆಣಿಕೆ. ಬೆಂಗಳೂರಿಗೆ ಅದು ಸಿಕ್ಕಿದ್ದು 1905ರಲ್ಲಿ, ಮೂರು ವರ್ಷ ತಡವಾಗಿ. ಈಗ ಬೆಂಗಳೂರಿನವರು ನಮ್ಮನ್ನು ಹಿಂದುಳಿದ ಜಿಲ್ಲೆ ಎಂದಾಗ ನಾನು ಈ ಲೆಕ್ಕ ತೆಗೆಯುತ್ತೇನೆ. ಅವರು ನಮ್ಮ ಬೋರ್‌ವೆಲ್‌ಗಳ ಲೆಕ್ಕ ತೆಗೆದಾಗ ಸುಮ್ಮನಾಗುತ್ತೇನೆ.

ಇಷ್ಟೂ ನೋಡಿದ ಮೇಲೆ ಬಂಗಲೆಗಳ ಬೇಲಿಯಾಚೆಗೆ ಕಣ್ಣು ಹಾಯಿಸಬೇಕು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬರಗಾಲಕ್ಕೂ ಜಾತಿಯ ಕಾಟಕ್ಕೂ ಬೇಸತ್ತು ಬಂದ ಕೂಲಿಯವರ ಲೈನುಗಳು ಅಲ್ಲಿವೆ. ಬಿದಿರಿನ ತಟ್ಟಿಯ ಗೋಡೆ, ಮೇಲೆ ತಗಡು, ಬಗ್ಗಿ ನುಗ್ಗುವ ಬಾಗಿಲು. ಒಬ್ಬ ಕೆಮ್ಮಿದರೆ ಸಾಲಿನ ಕೊನೆಯ ಮನೆಯವರೂ ಮದ್ದು ಹೇಳಬಹುದು. ಬಂಗಲೆಯ ನಕ್ಷೆ ಬರೆದವರು ಗಾಳಿ ಬೆಳಕನ್ನು ಎಣಿಸಿದ್ದರು. ಲೈನಿನ ನಕ್ಷೆ ಬರೆದವರು ತಲೆಗಳನ್ನು ಎಣಿಸಿದ್ದರು. ಆದರೂ ಈ ಸಂದುಗಳಲ್ಲಿ ಲೈನಿನವರು ತಮಗೆ ಬೇಕಾದದ್ದನ್ನು ತಾವೇ ಕಟ್ಟಿಕೊಂಡರು. ಮಾರಿಯಮ್ಮನ ಗುಡಿಗಳು ಎದ್ದವು. ಬೌದ್ಧ ಧರ್ಮದ ಕಡೆಗೆ ಕರೆದ ಅಯೋತಿದಾಸ ಪಂಡಿತರ ಮಾತಿಗೆ ಕಿವಿಗೊಟ್ಟು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದರು. ಅಂಬೇಡ್ಕರರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವುದಕ್ಕೆ ಅರ್ಧ ಶತಮಾನ ಮುಂಚಿನ ಮಾತು ಇದು. ಚಾಂಪಿಯನ್ ರೀಫ್ಸ್‌ನ ವಿಕ್ಟರಿ ಮಾತೆಯ ಚರ್ಚಿನ ಹಬ್ಬಕ್ಕೆ ಈಗಲೂ ಊರಿನ ಎಲ್ಲ ದೇವರ ಒಕ್ಕಲೂ ಸೇರುತ್ತದೆ. ಮದರಾಸು, ತಿರುಪತಿ, ಬುದ್ಧಗಯೆ, ರೋಮ್ ಎಲ್ಲವೂ ಹತ್ತು ನಿಮಿಷದ ನಡಿಗೆಯಲ್ಲಿ. ನಡುವೆ ಬಸ್ಸು ನಿಲ್ಲಿಸಿ ಇಮಿಗ್ರೇಷನ್ ಕೇಳುವವರಿಲ್ಲ.

ಬೆಂಗಳೂರಿನಿಂದ ಈ ಕಡೆ ಬರುವ ಪ್ರವಾಸಿಗಳು ಇದನ್ನೆಲ್ಲ ನೋಡುವುದಿಲ್ಲ. ಅವರು ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗಿ ನೂರೆಂಟು ಅಡಿಯ ಲಿಂಗಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಮಧ್ಯಾಹ್ನ ಸೈನೈಡ್ ಗುಡ್ಡ ಹತ್ತಿ, 2018ರ ‘ಕೆಜಿಎಫ್’ ಸಿನಿಮಾದಲ್ಲಿ ರಾಕಿ ಭಾಯ್ ನಿಂತದ್ದು ಎಲ್ಲಿ ಎಂದು ವಿಚಾರಿಸುತ್ತಾರೆ. ಈ ಗುಡ್ಡಗಳೂ ಒಂದು ಬಗೆಯ ಕಟ್ಟಡಗಳೇ. ಅದಿರನ್ನು ಮಿಲ್ಲಿನಲ್ಲಿ ನುರಿಸಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡು, ಉಳಿದದ್ದನ್ನು ನೂರಕ್ಕೂ ಹೆಚ್ಚು ವರ್ಷ ಸುರಿದದ್ದು, ಮೂರು ಕೋಟಿ ಟನ್ನಿಗೂ ಮಿಕ್ಕಿ. ಕೈಗೆತ್ತಿಕೊಂಡರೆ ರಾಗಿ ಹಿಟ್ಟಿನ ನುಣುಪು. ಒಂದು ಕಾಲಕ್ಕೆ ಇದು ಬಂಡೆಯಾಗಿತ್ತು ಎಂದರೆ ನಂಬಿಕೆ ಬರುವುದಿಲ್ಲ. ಬೇಸಗೆಯ ಗಾಳಿಗೆ ಅದು ಎದ್ದು ಒಗೆದ ಬಟ್ಟೆಯ ಮೇಲೆ, ಅನ್ನದ ತಟ್ಟೆಯ ಮೇಲೆ ಕೂರುತ್ತದೆ. ಚಿನ್ನ ಹೋಯಿತು, ಧೂಳು ಉಳಿಯಿತು ಎಂಬ ಮಾತನ್ನು ಕೆಜಿಎಫ್‌ನ ಹೆಂಗಸರು ವೇದಾಂತಕ್ಕೆ ಹೇಳುವುದಿಲ್ಲ, ಪೊರಕೆ ಹಿಡಿದು ಹೇಳುತ್ತಾರೆ.

ಗುಡ್ಡ ಮೇಲಿದೆ ಅಂದಮೇಲೆ ಅಷ್ಟೇ ಜಾಗ ಕೆಳಗೆ ಖಾಲಿಯಾಗಿರಬೇಕಲ್ಲವೇ? ಕೆಜಿಎಫ್‌ನ ನಿಜವಾದ ಕಟ್ಟಡ ಆ ಖಾಲಿ. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ. ಐಫೆಲ್ ಗೋಪುರ 330 ಮೀಟರು. ಒಂದರ ತಲೆಯ ಮೇಲೊಂದು ಒಂಬತ್ತು ಐಫೆಲ್ ಇಳಿಬಿಟ್ಟರೂ ತಳ ಮುಟ್ಟುವುದಿಲ್ಲ, ಹತ್ತನೆಯದು ಮಾತ್ರ ನೆಲದ ಮೇಲೆ ಒಂದಿಷ್ಟು ತಲೆ ತೋರಿಸೀತು. ದುಬೈನ ಬುರ್ಜ್ ಖಲೀಫಾ 828 ಮೀಟರು. ಅದಾದರೆ ಮೂರು ಪೂರ್ತಿ ಮುಳುಗಿ, ನಾಲ್ಕನೆಯದರ ತುದಿಯಷ್ಟೇ ಮೇಲೆ. ನಮ್ಮ ಜಿಲ್ಲೆಯ ಈ ಗಗನಚುಂಬಿಯನ್ನು ಯಾರೂ ಕತ್ತೆತ್ತಿ ನೋಡಲಿಲ್ಲ. ಅದು ಇದ್ದದ್ದು ಕಾಲ ಕೆಳಗೆ.

ಈ ಮಾತು ನನಗೆ ಹೊಳೆದದ್ದು ಒಬ್ಬ ಯಜಮಾನರಿಂದ. ಚಾಂಪಿಯನ್ ರೀಫ್ಸ್‌ನ ಟೀ ಅಂಗಡಿಯ ಬೆಂಚಿನ ಮೇಲೆ ಸಿಕ್ಕರು. ಗಣಿಯೊಳಗೆ ಮೇಸ್ತ್ರಿಯಾಗಿದ್ದವರು. ತಮಿಳಿನ ಒಗ್ಗರಣೆಯ ಕನ್ನಡ. ನನ್ನ ಮೊಬೈಲಿನಲ್ಲಿ ಭಾವ ಕಳಿಸಿದ ಚಿತ್ರಗಳನ್ನು ತೋರಿಸಿದೆ. ಐಫೆಲ್ ಗೋಪುರವನ್ನು ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

“ನಮ್ಮ ಶಾಫ್ಟಿನ ಬಾಯಿ ಮೇಲಿನ ಕಬ್ಬಿಣದ ಗೋಪುರ, ಆ ಹೆಡ್‌ಗೇರ್ ಥರಾನೇ ಇದೆ. ಇದರ ಕೆಳಗೆ ಎಷ್ಟು ಆಳ ಸಾರ್?”

“ಕೆಳಗೇನೂ ಇಲ್ಲ ಯಜಮಾನ್ರೇ. ಮೇಲೆ ಹತ್ತಿ ಊರು ನೋಡೋದು. ಹತ್ತೋಕೆ ದುಡ್ಡು ಕೊಡಬೇಕು.”

“ದುಡ್ಡು ಕೊಟ್ಟು ಹತ್ತೋದಾ? ನಮಗೆ ಇಳಿಯೋಕೆ ಅವರೇ ದುಡ್ಡು ಕೊಡ್ತಿದ್ರು!” ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, “ಜಾಸ್ತಿ ಏನಿಲ್ಲ ಬಿಡಿ” ಎಂದೂ ಸೇರಿಸಿದರು.

ಅವರ ಕೆಲಸ ಗೋಡೆ ಕಟ್ಟುವುದಾಗಿತ್ತು. ಚಿನ್ನದ ಎಳೆ ತೆಗೆದ ಜಾಗ ಬಾಯಿ ಬಿಟ್ಟುಕೊಂಡಿರುತ್ತದೆ. ಮೇಲಿನ ಬಂಡೆ ಕೂರದ ಹಾಗೆ ಅಲ್ಲಿ ಗ್ರಾನೈಟ್ ಕಲ್ಲುಗಳನ್ನು ಒತ್ತಾಗಿ ಜೋಡಿಸಿ ತುಂಬಬೇಕು. ಮೇಲಿನಿಂದ ಕಲ್ಲು ಇಳಿಸಿ, ಕೆಳಗೆ ಗೋಡೆ ಎಬ್ಬಿಸಬೇಕು. ಆ ಆಳದಲ್ಲಿ ಬಂಡೆಯ ಮೈ ಅರವತ್ತು ಡಿಗ್ರಿ ದಾಟಿ ಕಾದಿರುತ್ತದೆ. ಗಾಳಿ ತಣಿಸಿ ಕಳಿಸದಿದ್ದರೆ ನಿಲ್ಲುವಂತಿಲ್ಲ. ಬೆಳಕೆಂದರೆ ಟೋಪಿಯ ದೀಪ. ಟೀ ಅಂಗಡಿಯ ಮುಂದಿದ್ದ ನಾಲ್ಕು ಕಲ್ಲುಗಳನ್ನು ಯಜಮಾನರು ಕಾಲಿನಿಂದ ಸರಿಸಿ ಜೋಡಿಸಿ ತೋರಿಸಿದರು. ದೊಡ್ಡದರ ಮೂತಿ ಒಳಕ್ಕೆ, ಚಿಕ್ಕದರ ಬೆನ್ನು ಸಂದಿಗೆ, ಚಕ್ಕೆಯಿಂದ ಬೆಣೆ. “ಅಲ್ಲಾಡಿಸಿ ನೋಡಿ” ಎಂದರು. ಅಲ್ಲಾಡಲಿಲ್ಲ. ಬೇಲೂರಿನಲ್ಲಿ ಶಿಲ್ಪಿಗಳು ತಮ್ಮ ಶಿಲ್ಪಗಳಲ್ಲಿ ಹೆಸರು ಕೊರೆದಿದ್ದಾರೆ. ಕಮ್ಮಸಂದ್ರದಲ್ಲಿ ಒಂದು ಮೊಳದ ಲಿಂಗ ಕೊಡಿಸಿದವರ ಹೆಸರೂ ಉಳಿಯುತ್ತದೆ. ಇವರು ಕಟ್ಟಿದ ಗೋಡೆಯ ಮೇಲೆ ಮೂರು ಕಿಲೋಮೀಟರ್ ಭೂಮಿ ಕೂತಿದೆ. ಹೆಸರು ಬರೆಯಲು ಯಾರೂ ಸುಣ್ಣ ತಂದಿರಲಿಲ್ಲ.

ಈ ಪಾತಾಳಕ್ಕೂ ವಿದೇಶಿಗಳು ಬಂದಿದ್ದರು. 1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಸೇರಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟು ಕಾದರು. ಬಾಹ್ಯಾಕಾಶದ ಕಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೋಗಳನ್ನು ಮೊದಲು ಹಿಡಿದ ಎರಡು ಜಾಗಗಳಲ್ಲಿ ಒಂದು ನಮ್ಮ ಚಾಂಪಿಯನ್ ರೀಫ್, ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ. ಇಷ್ಟು ಆಳ ಏಕೆಂದರೆ, ಉಳಿದ ಕಣಗಳ ಗಲಾಟೆಯನ್ನೆಲ್ಲ ಬಂಡೆ ಸೋಸಿಬಿಡುತ್ತದೆ. ನ್ಯೂಟ್ರಿನೋ ಒಂದೇ ಯಾವ ಗೋಡೆಗೂ ಕೇಳದೆ ನುಗ್ಗುವುದು. ಎಂಟಲ್ಲ, ಎಷ್ಟು ದೇಶಗಳನ್ನಾದರೂ ಕಣ್ಣು ಮಿಟುಕಿಸುವುದರೊಳಗೆ ‘ಮುಗಿಸಿ’ ಹೋಗುವ ಪ್ರವಾಸಿ ಅದು. ಏನು ನೋಡಿದೆ ಎಂದು ಕೇಳಿದರೆ ಅದರಿಂದಲೂ ಉತ್ತರ ಬರಲಿಕ್ಕಿಲ್ಲ.

ಪೋಲೆಂಡಿನ ವಿಯೆಲಿಚ್ಕಾದಲ್ಲಿ ಉಪ್ಪಿನ ಗಣಿಯಿದೆ. ಗಣಿಯವರೇ ಉಪ್ಪಿನಲ್ಲಿ ಚರ್ಚು ಕೆತ್ತಿ, ಉಪ್ಪಿನ ಹರಳಿನ ತೂಗುದೀಪ ಕಟ್ಟಿದ್ದಾರೆ. ಪ್ರವಾಸಿಗಳನ್ನು 135 ಮೀಟರು ಇಳಿಸಿ ತೋರಿಸುತ್ತಾರೆ. ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ ಚಿನ್ನದ ಕಾಲದ ಊರನ್ನೇ ಮತ್ತೆ ಕಟ್ಟಿ ಟಿಕೆಟ್ ಇಟ್ಟಿದ್ದಾರೆ. ನಮ್ಮ ಗಣಿಯನ್ನು 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಎಂಟುನೂರು ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಮೇಲೆ, ಒಂದು ಗ್ರಾಂ ತೆಗೆಯಲು ಬೀಳುವ ಖರ್ಚು ಒಂದು ಗ್ರಾಂ ಚಿನ್ನದ ಬೆಲೆಯನ್ನು ಮೀರಿತು ಎಂಬ ಲೆಕ್ಕಕ್ಕೆ. ಪಂಪು ನಿಂತಿತು, ನೀರು ಏರಿತು. ಒಂಬತ್ತು ಐಫೆಲ್‌ನಷ್ಟು ಆಳದ ಕಟ್ಟಡ, ಅದರ ಗೋಡೆ, ಮೂಲೆ, ಮೆಟ್ಟಿಲುಗಳ ಸಮೇತ ಈಗ ನೀರೊಳಗಿದೆ. ವೆನಿಸ್ ಮುಳುಗುತ್ತದೆ ಎಂದು ಲೋಕವೆಲ್ಲ ಚಂದಾ ಎತ್ತುತ್ತದೆ. ಚಾಂಪಿಯನ್ ರೀಫ್ ಮುಳುಗಿದಾಗ ಬಾಕಿ ಸಂಬಳಕ್ಕೆ ಅರ್ಜಿ ಬರೆಯುವವರು ಕ್ಯೂ ನಿಂತಿದ್ದರು.

ಹೊರಡುವಾಗ ಯಜಮಾನರು ತಮ್ಮದೂ ಒಂದು ಫೋಟೋ ತೆಗೆಯಿರಿ ಎಂದರು. ಹೆಡ್‌ಗೇರ್ ಮುಂದೆ ನಿಲ್ಲಿ ಎಂದೆ. ಬೇಡ ಎಂದು ತಲೆಯಾಡಿಸಿ, ಅಂಗಡಿಯ ಮುಂದಿನ ಕೆಂಪು ನೆಲದ ಮೇಲೆಯೇ ನೆಟ್ಟಗೆ ನಿಂತು, ಬಲಗೈಯ ತೋರುಬೆರಳನ್ನು ನೆಲಕ್ಕೆ ತೋರಿಸಿದರು. ಟೀ ಅಂಗಡಿಯವನು, “ಏನ್ ತಾತ, ಚಿಲ್ಲರೆ ಬಿತ್ತಾ?” ಎಂದ. ಅವರು ಬೆರಳು ಕದಲಿಸಲಿಲ್ಲ.

“ಎರಡು ಕಾಪಿ ಹಾಕಿಸಿ ಸಾರ್, ಒಂದು ಮಗನಿಗೆ ಕಳಿಸ್ಬೇಕು” ಎಂದರು. ಮಗ ದುಬೈನಲ್ಲಿ ಲಿಫ್ಟ್ ಮೆಕ್ಯಾನಿಕ್ಕು. ದೊಡ್ಡ ದೊಡ್ಡ ಟವರುಗಳದೇ ಕೆಲಸವಂತೆ, ಮೋಡದ ಮೇಲಿಂದ ಫೋನು ಮಾಡುತ್ತಾನಂತೆ. ಹೇಳುವಾಗ ಯಜಮಾನರ ಮುಖದಲ್ಲಿ ಹೆಮ್ಮೆ ಇತ್ತು, ಇರಬೇಕಾದ್ದೇ. ಆದರೆ ಅಪ್ಪ ಇಳಿದಷ್ಟು ಎತ್ತರದ ಕಟ್ಟಡವನ್ನು ಮಗನಿಗೆ ಇನ್ನೂ ಯಾವ ಶೇಖ್ ಕೂಡ ಕಟ್ಟಿಕೊಟ್ಟಿಲ್ಲ.